ಮರೂನ್ ರವಿಕೆಯ ತೋಳು

ನನ್ನ ತಂಗಿಗೆ ನಾನು ಒಂದು ಸಲವೂ ‘ಚೆನ್ನಾಗಿ ಮಾಡಿದೀಯ’ ಎನ್ನಲಿಲ್ಲ. ಬೀದಿಯ ಹುಡುಗಿಯರಿಗೆಲ್ಲ ಅಂದೆ. ಸೂಜಿಗೆ ದಾರ ಪೋಣಿಸಲು ಬಾರದವಳಿಗೂ ಅಂದೆ, ನೇರ ಹೊಲಿಗೆಯನ್ನು ಹಾವು ಹರಿದ ಹಾಗೆ ಹೊಲಿದವಳಿಗೂ ಅಂದೆ. ನನ್ನ ಕೈಯಲ್ಲೇ ಬೆಳೆದು, ನನಗಿಂತ ಚೆನ್ನಾಗಿ ಬಟ್ಟೆ ಕತ್ತರಿಸುತ್ತಿದ್ದ ತಂಗಿಗೆ ಮಾತ್ರ ಅನ್ನಲಿಲ್ಲ. ಅನ್ನದೇ ಇದ್ದದ್ದಷ್ಟೇ ನನ್ನ ತಪ್ಪಾಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ. ಅವಳು ಸರಿಯಾಗಿ ಮಾಡಿದ್ದನ್ನು ತಪ್ಪು ಅಂದೆ. ನಾಲ್ಕು ಜನರ ಮುಂದೆ ಅಂದೆ. ಅವಳು ಅದನ್ನು ನಂಬಿದಳು.

ನಮ್ಮದು ತುಮಕೂರಿನಲ್ಲಿ ಹೊಲಿಗೆಯವರ ಮನೆ. ಅಬ್ಬಾ ಕೋಟು ಪ್ಯಾಂಟು ಹೊಲಿಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಮ್ಮಿ ತೀರಿಕೊಂಡಾಗ ನನಗೆ ಹನ್ನೆರಡು, ತಂಗಿಗೆ ಎರಡು. ಅಷ್ಟೊತ್ತಿಗೆ ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತಿತ್ತು. ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಕಲಿತೆ. ಅಬ್ಬಾನ ಕಣ್ಣಿಗೆ ಪೊರೆ ಬಂದ ಮೇಲೆ ಮಶೀನು ನನ್ನ ಪಾಲಿಗೆ ಬಂತು. ಗಂಡಸರ ಬಟ್ಟೆ ನಾನು ಹೊಲಿಯುವಂತಿರಲಿಲ್ಲ. ರವಿಕೆ, ಲಂಗ, ಹುಡುಗಿಯರ ಯೂನಿಫಾರಂ ಹೊಲಿದೆ. ಆಮೇಲೆ, ಎಪ್ಪತ್ತರ ದಶಕದ ಮೊದಲಲ್ಲಿ, ಬೀದಿಯ ಒಬ್ಬಿಬ್ಬರು ಹೆಂಗಸರು ‘ನಮ್ಮ ಹುಡುಗಿಗೂ ಒಂದಿಷ್ಟು ಹೇಳ್ಕೊಡಿ’ ಎಂದು ಬಂದರು. ಹಾಗೆ ಶುರುವಾದ ಕ್ಲಾಸು ಹನ್ನೆರಡು ವರ್ಷ ನಡೆಯಿತು. ನನ್ನ ಮದುವೆಯ ವಯಸ್ಸು ಆ ಮಶೀನಿನ ಮುಂದೆಯೇ ದಾಟಿತು.

ಮನೆಯೊಳಗೆ ನಮ್ಮದು ಉರ್ದು, ಹೊಸಿಲು ದಾಟಿದರೆ ಕನ್ನಡ. ಕ್ಲಾಸಿನ ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಗಲೆಂದು ತಂಗಿಯ ಜೊತೆಗೂ ಕನ್ನಡದಲ್ಲೇ ಮಾತಾಡುತ್ತಿದ್ದೆ. ಹಳೆಯ ದಿನಪತ್ರಿಕೆಗಳ ಮೇಲೆ ಅಳತೆ ಗೀಚಿ, ಕತ್ತರಿಸಿ, ಆಮೇಲೆ ಬಟ್ಟೆಗೆ ಇಡುವುದು ನಮ್ಮ ಪದ್ಧತಿ. ನಾನು ಕನ್ನಡ ಓದುವುದನ್ನು ಮರೆಯದೇ ಇದ್ದದ್ದು ಆ ಕಾಗದದ ತೋಳು, ಕಾಗದದ ಕುತ್ತಿಗೆಗಳನ್ನು ಓದಿ ಓದಿ. ಯಾವ ಸುದ್ದಿಗೂ ತಲೆ ಬಾಲ ಇರುತ್ತಿರಲಿಲ್ಲ.

ನನ್ನ ಕ್ಲಾಸಿಗೆ ಒಂದು ಹೆಸರಿತ್ತು. ಇಲ್ಲಿ ಬೈಯುವುದಿಲ್ಲ ಎಂಬುದೇ ಆ ಹೆಸರು. ಬೇರೆ ಕಡೆ ಅಳತೆ ತಪ್ಪಿದರೆ ಗಜಕಡ್ಡಿಯಲ್ಲಿ ಬೆರಳಿಗೆ ಬೀಳುತ್ತಿತ್ತು. ನಾನು ಯಾರು ಏನು ಹೊಲಿದು ತಂದರೂ ಮೊದಲು ಅದರಲ್ಲಿ ಸರಿಯಿರುವುದು ಏನೆಂದು ಹುಡುಕಿ ಅದನ್ನು ಹೇಳುತ್ತಿದ್ದೆ. ಏನೂ ಸರಿಯಿಲ್ಲದಿದ್ದರೆ ದಾರದ ಬಣ್ಣವಾದರೂ ಸರಿಯಿರುತ್ತಿತ್ತು. ಆಮೇಲೆ ತಪ್ಪು ತೋರಿಸಿ, ಬಿಚ್ಚುವುದನ್ನು ಅವಳ ಕೈಯಲ್ಲೇ ಬಿಚ್ಚಿಸುತ್ತಿದ್ದೆ. ಇನ್ನೊಬ್ಬಳ ಹೊಲಿಗೆಯನ್ನು ಟೀಚರು ತನ್ನ ಕೈಯಾರೆ ಬಿಚ್ಚಬಾರದು, ಬಿಚ್ಚಿದರೆ ಅವಳ ಧೈರ್ಯವೂ ಬಿಚ್ಚಿಹೋಗುತ್ತದೆ. ಇದು ನಾನೇ ಮಾಡಿಕೊಂಡ ನಿಯಮ. ಹುಡುಗಿಯರ ತಾಯಂದಿರು ‘ಆ ಟೀಚರನ್ನ ನೋಡಿ ಕಲಿ’ ಎಂದು ಮನೆಯಲ್ಲಿ ಹೇಳುತ್ತಾರಂತೆ ಎಂದು ಕೇಳಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ತಂಗಿ ಶಾಲೆಯಿಂದ ಬಂದವಳೇ ಆ ಹುಡುಗಿಯರ ನಡುವೆ ಕೂರುತ್ತಿದ್ದಳು. ಅವಳಿಗೆ ನಾನು ಕೂರಿಸಿ ಹೇಳಿಕೊಟ್ಟದ್ದು ಕಡಿಮೆ. ಹದಿನಾಲ್ಕು ವರ್ಷಕ್ಕೇ ಅವಳಿಗೆ ಟೇಪು ಬೇಡವಾಗಿತ್ತು. ಬಾಗಿಲಲ್ಲಿ ನಿಂತ ಹೆಂಗಸನ್ನು ಒಮ್ಮೆ ನೋಡಿ, ‘ಇವರ ಎಡ ಭುಜ ಸ್ವಲ್ಪ ಇಳಿಜಾರು ಆಪಾ’ ಎನ್ನುತ್ತಿದ್ದಳು. ನಾನು ಟೇಪು ಹಿಡಿದು ನೋಡಿದರೆ ಹೌದು, ಅರ್ಧ ಇಂಚು ಇಳಿಜಾರು.

ನಾನು ಹೊಗಳಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಕಾರಣವಿತ್ತು. ನನಗೂ ಅವಳಿಗೂ ನಡುವೆ ಒಬ್ಬ ತಮ್ಮ ಹುಟ್ಟಿದ್ದ. ಬೆಳ್ಳಗೆ, ಗುಂಡಗೆ ಇದ್ದ. ಒಂದು ಮದುವೆಮನೆಯಲ್ಲಿ ಯಾರೋ ಅವನ ಕೆನ್ನೆ ಹಿಂಡಿ ‘ಎಂಥಾ ಚೆಂದದ ಮಗು’ ಅಂದರು. ಮೂರನೇ ದಿನ ಜ್ವರ ಬಂತು, ವಾರದಲ್ಲಿ ಹೋದ. ಅಂದಿನಿಂದ ಅಬ್ಬಾ ಕಟ್ಟುಮಾಡಿದ್ದರು: ಈ ಮನೆಯ ಮಕ್ಕಳನ್ನು ಯಾರೂ ಹೊಗಳಕೂಡದು, ಮನೆಯವರಂತೂ ಕೂಡದೇ ಕೂಡದು, ನಜರ್ ತಾಗುತ್ತದೆ. ನಮಗೆ ಹೊಸ ಬಟ್ಟೆ ಹೊಲಿದರೆ ಒಳಮಡಿಕೆಯಲ್ಲಿ ಕಪ್ಪು ದಾರದಿಂದ ಒಂದು ಸೊಟ್ಟ ಹೊಲಿಗೆ ಹಾಕುತ್ತಿದ್ದರು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಆ ಭಯ ಸುಳ್ಳಲ್ಲ. ತಂಗಿಗೆ ಏನಾದರೂ ಆದರೆ ಎಂದು ನಾನೂ ನಿಜವಾಗಿ ಹೆದರುತ್ತಿದ್ದೆ. ಆದರೆ ಕೆನ್ನೆಯ ಮೇಲೆ ಒಂದು ಬೊಟ್ಟು ಇಡುವುದು ಬೇರೆ, ಮುಖಕ್ಕೆಲ್ಲ ಮಸಿ ಬಳಿಯುವುದು ಬೇರೆ.

ಅವಳು ಏನು ತೋರಿಸಿದರೂ ನಾನು ‘ಕುತ್ತಿಗೆ ನೋಡು’ ಎನ್ನುತ್ತಿದ್ದೆ. ‘ಅಂಚು ನೋಡು’ ಎನ್ನುತ್ತಿದ್ದೆ. ಅವಳು ಕಿಟಕಿಯ ಹತ್ತಿರ ಹೋಗಿ ಬಟ್ಟೆಯನ್ನು ಅತ್ತ ಇತ್ತ ತಿರುಗಿಸಿ, ಇಲ್ಲದ ತಪ್ಪನ್ನು ಹುಡುಕುತ್ತಿದ್ದಳು.

ಸಿ.ಎಸ್. ಪುರದ ಕಡೆಯ ಒಕ್ಕಲಿನ ಮನೆಯ ಹುಡುಗಿಯೊಬ್ಬಳು ನಮ್ಮ ಬೀದಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕ್ಲಾಸಿಗೆ ಬರುತ್ತಿದ್ದಳು. ತಂಗಿಗಿಂತ ಒಂದೆರಡು ವರ್ಷ ದೊಡ್ಡವಳು, ಬಾಯಿ ಜೋರು. ಒಂದು ಮಧ್ಯಾಹ್ನ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

‘ಅಕ್ಕಯ್ಯ, ನನ್ನ ಈ ಹಾಳು ಹೊಲಿಗೆಗೆ ಚೆಂದಾಗೈತೆ ಅಂತೀರ. ಅವಳದ್ದು ಕಂಡ್ರೆ ಮುಖ ಗಂಟಾಕ್ತೀರ. ಒಂದ್ಸಲ ಅಂದ್ಬುಡಿ, ನಾಲಿಗೆ ಏನ್ ಸವೆದೋಗಲ್ಲ.’

‘ಮನೆಯವರನ್ನ ಮನೆಯವರೇ ಹೊಗಳಿದ್ರೆ ದೃಷ್ಟಿ ಆಗುತ್ತೆ ಕಣೇ.’

‘ನಮ್ಮೂರಲ್ಲಿ ಹಸುಗೂ ದೃಷ್ಟಿ ಆಯ್ತದೆ. ಹಂಗಂತ ಹುಲ್ಲು ಹಾಕೋದ್ ಬುಟ್ಟಿದೀವಾ?’

ಹುಡುಗಿಯರೆಲ್ಲ ನಕ್ಕರು. ತಂಗಿ ತಲೆ ಬಗ್ಗಿಸಿಕೊಂಡು ತಾನೂ ನಕ್ಕಳು. ನಾನು ‘ಸಾಕು, ಕೆಲಸ ನೋಡ್ರೇ’ ಎಂದೆ. ಆ ಹುಡುಗಿ ತಮಾಷೆಗೆ ಅಂದದ್ದು ಸತ್ಯವೆಂದು ನನಗೆ ಆಗಲೇ ಗೊತ್ತಿತ್ತು. ಅದಕ್ಕಿಂತ ಕೆಟ್ಟದ್ದೂ ಗೊತ್ತಿತ್ತು. ನಜರಿನ ಭಯದ ಹಿಂದೆ ಇನ್ನೊಂದು ಬೆಳೆದು ನಿಂತಿತ್ತು. ನಾನು ಗೀಚಿ, ಅಳೆದು, ಮತ್ತೆ ಅಳೆದು ಮಾಡುವುದನ್ನು ಅವಳು ಕಣ್ಣಳತೆಯಲ್ಲಿ ಮಾಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಿಡಲು ನನಗೆ ತುಂಬ ವರ್ಷ ಬೇಕಾಯಿತು.

ತಂಗಿ ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಳು. ಆ ಹೊತ್ತಿಗೆ ನಮ್ಮೂರಿನದೇ ಸದಾಶಿವನಗರದಿಂದ ಒಬ್ಬ ಮೇಡಂ ಬಂದರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು, ನಮ್ಮ ಹಳೆಯ ಗಿರಾಕಿ. ಮಗಳ ನಿಶ್ಚಿತಾರ್ಥಕ್ಕೆ ಮರೂನ್ ಬಣ್ಣದ ರೇಷ್ಮೆ ತಂದಿದ್ದರು. ನಾನು ಕೈ ಚಾಚಿದೆ. ಅವರು ಬಟ್ಟೆಯನ್ನು ತಂಗಿಯ ಮಡಿಲಿಗೆ ಇಟ್ಟರು.

‘ಈ ಸಲ ಚಿಕ್ಕೋಳೇ ಪೂರ್ತಿ ಮಾಡ್ಲಿ. ನಮ್ ಸ್ಕೂಲಿಗೆ ಹೊಲಿಗೆ ಟೀಚರ್ ಬೇಕಂತೆ. ಮೊದಲು ಒಂದು ವರ್ಷ ಟ್ರೈನಿಂಗು, ಆಮೇಲೆ ಕೆಲಸ. ಅರ್ಜಿ ನಾನೇ ತಂದ್ಕೊಡ್ತೀನಿ. ಈ ರವಿಕೆ ಚೆನ್ನಾಗಿ ಬಂದ್ರೆ ನಮ್ ಹೆಡ್‌ಮಿಸ್ಸಿಗೆ ತೋರಿಸ್ತೀನಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿ ನಗುತ್ತಾ, ‘ನೀವು ಬೇಜಾರ್ ಮಾಡ್ಕೋಬೇಡಿ, ಅವಳ ಕೈ ನಿಮ್ದಕ್ಕಿಂತ ಹಗುರ’ ಎಂದರು.

ನಾನೂ ನಕ್ಕೆ. ಸಲೀಸಾಗಿ ಆಡಿದ ಮಾತದು, ಅದರಲ್ಲಿ ವಿಷವಿರಲಿಲ್ಲ. ಆದರೂ ಆ ದಿನವೆಲ್ಲ ನಾನು ಕತ್ತರಿಸಿದ್ದನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದೆ.

ಮೂರು ದಿನ ತಂಗಿ ಆ ರವಿಕೆ ಹೊಲಿದಳು. ನಾಲ್ಕನೇ ದಿನ ಬೆಳಿಗ್ಗೆ, ಹುಡುಗಿಯರೆಲ್ಲ ಕೂತಿರುವಾಗ, ಅದನ್ನು ಮಡಿಸಿ ನನ್ನ ಮುಂದೆ ಇಟ್ಟು ನಿಂತಳು. ‘ನೋಡು ಆಪಾ’ ಎಂದಳು. ನಾನು ಬಿಡಿಸಿ ನೋಡಿದೆ. ಕುತ್ತಿಗೆ ಸರಿಯಿತ್ತು. ಅಂಚು ಸರಿಯಿತ್ತು. ತೋಳು ಭುಜಕ್ಕೆ ಕೂಡಿದ ಜಾಗದಲ್ಲಿ ಒಂದು ನೆರಿಗೆ ಇರಲಿಲ್ಲ. ಸುತ್ತ ಹುಡುಗಿಯರು ನಾನು ಏನು ಹೇಳುತ್ತೇನೋ ಎಂದು ಮಶೀನು ನಿಲ್ಲಿಸಿ ಕಾಯುತ್ತಿದ್ದರು. ಆ ಕಾಯುವಿಕೆಯೇ ನನ್ನನ್ನು ಕೆಡಿಸಿತು. ಬಾಯಿಂದ ಬಂದುಬಿಟ್ಟಿತು:

‘ತೋಳು ಅದಲು ಬದಲಾಗಿದೆ. ಎಡದ್ದು ಬಲಕ್ಕೆ ಕೂಡಿಸಿದೀಯ.’

ಅವಳ ಮುಖ ಬಿಳಿಚಿತು. ‘ಇಲ್ಲ ಆಪಾ, ಕಚ್ಚು ನೋಡೇ ಕೂಡಿಸ್ದೆ.’

ಕಚ್ಚು ಅಂದರೆ ತೋಳಿನ ಮುಂಭಾಗ ಯಾವುದೆಂದು ಗೊತ್ತಾಗಲು ಕತ್ತರಿಯ ತುದಿಯಿಂದ ಹಾಕುವ ಸಣ್ಣ ಗುರುತು. ಮುಂಭಾಗದ ತಿರುವು ಹೆಚ್ಚು ಆಳ, ಹಿಂಭಾಗದ್ದು ಕಡಿಮೆ. ಎಡ ಬಲ ತಪ್ಪಿದರೆ ಕಂಕುಳಲ್ಲಿ ಎಳೆಯುತ್ತದೆ.

‘ನನಗೆ ಹೇಳ್ಕೊಡ್ತೀಯಾ?’ ಎಂದೆ. ಬ್ಲೇಡು ತೆಗೆದುಕೊಂಡು, ನನ್ನ ಕೈಯಾರೆ, ಆ ಎರಡು ತೋಳುಗಳನ್ನೂ ಬಿಚ್ಚಿದೆ.

ಬಿಚ್ಚುವಾಗಲೇ ಕಚ್ಚು ಕಾಣಿಸಿತು. ಮುಂದೆ ಇರಬೇಕಾದದ್ದು ಮುಂದೆಯೇ ಇತ್ತು. ಅವಳು ಸರಿಯಾಗಿಯೇ ಕೂಡಿಸಿದ್ದಳು. ಆ ಗಳಿಗೆಯಲ್ಲಾದರೂ ‘ಅಯ್ಯೋ, ನನ್ನದೇ ತಪ್ಪು ಕಣೇ’ ಅಂದಿದ್ದರೆ ಎಲ್ಲರೂ ನಗುತ್ತಿದ್ದರು, ಅಷ್ಟೇ. ಅನ್ನಲಿಲ್ಲ. ಬೆರಳಿನಿಂದ ಆ ಕಚ್ಚನ್ನು ಮುಚ್ಚಿ ಹಿಡಿದೆ. ಮಶೀನಿನ ಮುಂದೆ ಕೂತು ಎಡದ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂಡಿಸಿದೆ. ಅವಳ ತಪ್ಪೆಂದು ಹೇಳಿದ ತಪ್ಪನ್ನು ನಾನೇ ಹೊಲಿದೆ. ತಂಗಿ ನನ್ನ ಹಿಂದೆ ನಿಂತು ನೋಡುತ್ತಿದ್ದಳು, ಕಲಿಯುವವಳ ಹಾಗೆ.

ನಿಶ್ಚಿತಾರ್ಥ ಮುಗಿದ ಮೇಲೆ ಮೇಡಂ ಬಂದರು. ಕೈಯಲ್ಲಿ ಟ್ರೈನಿಂಗಿನ ಅರ್ಜಿಯೂ ಇತ್ತು.

‘ರವಿಕೆ ಏನೋ ಚೆನ್ನಾಗಿತ್ತಮ್ಮ. ಆದ್ರೆ ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯುತ್ತೆ ಅಂತ ಮಗಳು ಗೋಳಾಡಿದ್ಲು. ಪಾಪ, ಹಿರಿಯರ ಕಾಲಿಗೆ ಬೀಳೋಕೂ ಆಗ್ಲಿಲ್ಲ ಅವಳಿಗೆ. ಮೊದಲ್ನೇ ಸಲ ಅಲ್ವಾ, ಪರವಾಗಿಲ್ಲ.’

‘ಸಾರಿ ಮೇಡಂ’ ಎಂದಳು ತಂಗಿ. ‘ನಂದೇ ತಪ್ಪು. ತೋಳು ಅದಲು ಬದಲು ಕೂಡಿಸಿದ್ದೆ. ಆಪಾ ಬಿಚ್ಚಿ ಸರಿ ಮಾಡಿದ್ರು. ಅಷ್ಟರಲ್ಲಿ ಬಟ್ಟೆ ಕೆಟ್ಟಿತ್ತು ಅನ್ಸುತ್ತೆ.’

‘ಹೋಗ್ಲಿ ಬಿಡು. ಅರ್ಜಿಗೆ ಸೈನ್ ಹಾಕು.’

‘ಬೇಡ ಮೇಡಂ. ನನಗೆ ಬರಲ್ಲ.’

ಮೇಡಂ ನನ್ನ ಮುಖ ನೋಡಿದರು. ‘ನೀವೇನ್ ಹೇಳ್ತೀರಿ? ನೀವು ಎಲ್ಲ ಹುಡುಗೀರಿಗೂ ಧೈರ್ಯ ಹೇಳೋರು. ಇವಳಿಗೂ ಹೇಳಿ.’

ನಾನು ಬಾಯಲ್ಲಿದ್ದ ದಾರ ಕಡಿದೆ. ‘ಅವಳಿಷ್ಟ ಮೇಡಂ’ ಎಂದೆ.

ಒಂದು ಮಾತು ಸಾಕಿತ್ತು. ಅವಳ ಬದುಕು ಆ ಒಂದು ಮಾತಿಗೆ ಕಾಯುತ್ತಾ ನನ್ನ ಮುಂದೆಯೇ ಕೂತಿತ್ತು, ನಾನು ದಾರ ಕಡಿದೆ. ಆ ಅರ್ಜಿ ಸಿ.ಎಸ್. ಪುರದ ಹುಡುಗಿಗೆ ಹೋಯಿತು. ಅವಳೂ ಹತ್ತನೇ ಕ್ಲಾಸು ಮುಗಿಸಿದವಳು. ಟ್ರೈನಿಂಗು ಮುಗಿಸಿ ಕೊನೆಗೆ ಗುಬ್ಬಿಯ ಒಂದು ಶಾಲೆಯಲ್ಲಿ ಹೊಲಿಗೆ ಟೀಚರಾದಳು. ‘ನಿಮ್ಮಿಂದ ಒಂದು ಹುಡುಗಿ ದಾರಿಗೆ ಬಂದ್ಲು’ ಎಂದು ಬೀದಿಯವರು ನನ್ನನ್ನೇ ಹೊಗಳಿದರು.

ತಂಗಿ ಕತ್ತರಿ ಮುಟ್ಟುವುದನ್ನು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ಕಾಜಾ ಹಾಕುವುದು, ಹುಕ್ಕು ಹಚ್ಚುವುದು, ಅಂಚು ಮಡಿಸುವುದು, ಇಷ್ಟನ್ನು ತನ್ನ ಪಾಲಿಗೆ ಇಟ್ಟುಕೊಂಡಳು. ‘ನೀನೇ ಕತ್ತರಿಸು ಆಪಾ, ನಾನು ಕೆಡಿಸ್ತೀನಿ’ ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತಿದ್ದೆ, ಆಮೇಲೆ ಯಾರಾದರೂ ಗಿರಾಕಿ ಬರುತ್ತಿದ್ದರು. ಯಾರೂ ಬರದ ದಿನವೂ ಹೇಳಲಿಲ್ಲ.

ಮುಂದಿನದನ್ನು ಬರೆಯಲು ಇನ್ನೂ ನಾಚಿಕೆಯಾಗುತ್ತದೆ. ಗುಬ್ಬಿಯ ಆ ಹುಡುಗಿ ಅಲ್ಲಿನ ಹೆಂಗಸರ ಸಂಘಕ್ಕೆ ಹೇಳಿ ನನ್ನನ್ನು ಮಾತಾಡಲು ಕರೆಸಿದಳು. ಹರೆಯದ ಹುಡುಗಿಯರಿಗೂ ಅವರ ತಾಯಂದಿರಿಗೂ ನಾಲ್ಕು ಒಳ್ಳೆಯ ಮಾತು ಹೇಳಬೇಕಂತೆ. ನಾನು ಮೈಕು ಕಂಡವಳಲ್ಲ. ಜೊತೆಗಿರಲಿ ಎಂದು ತಂಗಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಅಲ್ಲಿ ಶಾಲು ಹೊದಿಸಿದರು, ಕೈಗೆ ಒಂದು ನಿಂಬೆಹಣ್ಣು ಕೊಟ್ಟರು. ನಾನು ಹೇಳಿದೆ: ‘ಮಕ್ಕಳ ತಪ್ಪು ಹುಡುಕೋ ಮೊದಲು ಸರಿ ಹುಡುಕಿ. ಒಂದು ಒಳ್ಳೆ ಮಾತಿನಿಂದ ಒಂದು ಹುಡುಗಿ ನಿಲ್ತಾಳೆ. ನಾನು ಬಿಚ್ಚೋದನ್ನೂ ಅವರ ಕೈಯಲ್ಲೇ ಬಿಚ್ಚಿಸ್ತೀನಿ.’ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ತಂಗಿ ನನ್ನ ಚೀಲ ಮಡಿಲಲ್ಲಿಟ್ಟುಕೊಂಡು ಕೂತು, ಎಲ್ಲರಿಗಿಂತ ಜಾಸ್ತಿ ಹೊತ್ತು ಚಪ್ಪಾಳೆ ತಟ್ಟಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು, ‘ತುಂಬ ಚೆನ್ನಾಗಿ ಮಾತಾಡ್ದೆ ಆಪಾ. ನನಗೆ ಅಳು ಬಂದ್ಬಿಡ್ತು’ ಎಂದಳು.

ಅವಳಿಗೆ ನಜರಿನ ಭಯ ಇರಲಿಲ್ಲವೇ? ಮನೆಯವರನ್ನು ಹೊಗಳಬಾರದೆಂದು ಅವಳಿಗೂ ಹೇಳಿಯೇ ಬೆಳೆಸಿದ್ದೆವು. ನಾನು ಕಿಟಕಿಯ ಕಡೆ ತಿರುಗಿ, ಶಾಲನ್ನು ಮಡಿಸಿ ಮಡಿಸಿ ಚೀಲದ ತಳಕ್ಕೆ ತುರುಕಿದೆ. ಅದನ್ನು ಒಂದು ದಿನವೂ ಹೊದೆಯಲಿಲ್ಲ.

ಆ ವರ್ಷದ ಕೊನೆಗೆ ಅವಳಿಗೆ ಕುಣಿಗಲ್‌ನಲ್ಲಿ ಸಂಬಂಧ ಕುದುರಿತು. ಹುಡುಗನದು ಸೈಕಲ್ ಅಂಗಡಿ, ಒಳ್ಳೆಯವನು. ಮದುವೆಗೆ ನಾನು ಹೊಲಿಗೆ ಮಶೀನು ಕೊಡುತ್ತೇನೆಂದೆ. ‘ನನಗ್ಯಾಕೆ ಆಪಾ, ಸುಮ್ನೆ ತುಕ್ಕು ಹಿಡಿಯುತ್ತೆ’ ಎಂದಳು. ಅಬ್ಬಾ ಅವಳ ಮದುವೆ ನೋಡಿ ಕಣ್ಣು ಮುಚ್ಚಿದರು. ನಾಲ್ಕು ವರ್ಷದ ಮೇಲೆ ನಾನು ಕ್ಲಾಸು ನಿಲ್ಲಿಸಿದೆ. ಆ ಹೊತ್ತಿಗೆ ಹುಡುಗಿಯರು ನಮ್ಮೂರಾಚೆಯ ಸತ್ಯಮಂಗಲದ ಕಡೆಯ ಕಾರ್ಖಾನೆ ಶೆಡ್ಡುಗಳಿಗೆ ಕೆಲಸಕ್ಕೆ ಹೋಗತೊಡಗಿದ್ದರು, ಕಲಿಯಲು ಬರುವವರು ಕಡಿಮೆಯಾಗಿದ್ದರು. ಜನ ಹಾಗೆ ತಿಳಿದರು. ನಿಜ ಹೇಳಬೇಕೆಂದರೆ, ‘ಚೆನ್ನಾಗಿದೆ’ ಎನ್ನಲು ನನ್ನ ಬಾಯಿ ಏಳುತ್ತಿರಲಿಲ್ಲ.

ಕುಣಿಗಲ್‌ಗೆ ವರ್ಷಕ್ಕೆ ಎರಡು ಸಲ ಹೋಗಿ ಬರುತ್ತಿದ್ದೆ. ತಂಗಿ ತನ್ನ ಮಗಳ ಬಟ್ಟೆಯನ್ನೂ ಬಜಾರಿನ ಟೈಲರಿಗೆ ಕೊಡುತ್ತಿದ್ದಳು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಚಳಿಗಾಲದ ಬೆಳಿಗ್ಗೆ ನಾನು ಅಲ್ಲಿದ್ದೆ. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ತಂಗಿಯ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಂಗಿಯ ಮಗಳಿಗೆ ಆಗ ಏಳು ವರ್ಷ. ಮನೆಯ ಮೇಕೆ ಹೊಸದಾಗಿ ಮರಿ ಹಾಕಿತ್ತು, ಮರಿ ಚಳಿಗೆ ನಡುಗುತ್ತಿತ್ತು. ಹುಡುಗಿ ಅಪ್ಪನ ಹಳೆಯ ಅಂಗಿಯೊಂದನ್ನು ಕತ್ತರಿಸಿ, ದಪ್ಪ ಸೂಜಿಯಲ್ಲಿ ಹೊಲಿದು ಅದಕ್ಕೆ ಒಂದು ಕೋಟು ಮಾಡಿದ್ದಳು. ನಾಲ್ಕು ಕಾಲಿಗೆ ನಾಲ್ಕು ತೋಳು. ಮರಿ ಅದನ್ನು ಹಾಕಿಕೊಂಡು ಸಣ್ಣ ಸಾಹುಕಾರನ ಹಾಗೆ ಅಂಗಳವೆಲ್ಲ ಓಡಾಡುತ್ತಿತ್ತು.

‘ಅಳತೆ ಯಾರೇ ಹೇಳ್ಕೊಟ್ರು?’ ಎಂದೆ.

‘ಯಾರೂ ಇಲ್ಲ. ಮರಿ ನೋಡ್ದೆ, ಕಟ್ ಮಾಡ್ದೆ’ ಎಂದಳು.

ಅತ್ತೆ ನಕ್ಕು, ‘ನೋಡ್ರಿ, ನಮ್ಮನೇಲಿ ಮೇಕೆಗೂ ಟೈಲರ್ ಬಂದ್ಲು’ ಎಂದರು.

ಹುಡುಗಿ ಮರಿಯನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಓಡಿದಳು. ‘ಅಮ್ಮಿ, ನೋಡು!’

ತಂಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಒಮ್ಮೆ ನೋಡಿದಳು. ಅವಳ ಕಣ್ಣು ಒಂದು ಗಳಿಗೆ ಅರಳಿತು, ಅದನ್ನು ನಾನು ಕಂಡೆ. ಕೂಡಲೇ ಅದನ್ನು ಅಡಗಿಸಿಕೊಂಡಳು.

‘ತೋಳು ನೋಡು’ ಎಂದಳು. ‘ಅದಲು ಬದಲಾಗಿದೆ.’

ಹುಡುಗಿ ಮರಿಯನ್ನು ಕೆಳಗಿಟ್ಟು, ಮಂಡಿಯೂರಿ ಕೂತು, ಕೋಟು ಕಳಚಿ ಅದರ ತೋಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು. ಮೇಕೆಮರಿಯ ಕೋಟಿಗೆ ಎಡವೇನು, ಬಲವೇನು. ಆದರೂ ಅವಳು ಹುಡುಕುತ್ತಿದ್ದಳು. ಬಿಸಿಲಿಗೆ ಹಿಡಿದು ಹುಡುಕುತ್ತಿದ್ದಳು, ಅವಳ ತಾಯಿ ನಮ್ಮ ಮನೆಯ ಕಿಟಕಿಯ ಹತ್ತಿರ ನಿಂತು ಹುಡುಕುತ್ತಿದ್ದ ಹಾಗೆಯೇ.

ನನ್ನನ್ನು ನೋಡಿ ಕಲಿಯಬೇಕೆಂದು ಯಾರ್ಯಾರೋ ತಮ್ಮ ಮಕ್ಕಳಿಗೆ ಹೇಳಿದ್ದರು. ನನ್ನಿಂದ ಕಲಿತವಳು ಇವಳು. ಕಲಿತದ್ದು ಇದು.

‘ತೋಳು ಸರಿಯಾಗಿದೆ’ ಎಂದೆ. ನನ್ನ ದನಿ ಜೋರಾಗಿಯೇ ಬಂತು. ಅತ್ತೆ ಮೊರ ನಿಲ್ಲಿಸಿದರು. ‘ಇದೂ ಸರಿಯಾಗಿದೆ. ಅದೂ ಸರಿಯಾಗಿತ್ತು.’

‘ಯಾವುದು ಆಪಾ?’ ಎಂದಳು ತಂಗಿ.

‘ಮರೂನ್ ರವಿಕೆದು. ನೀನು ಕಚ್ಚು ನೋಡೇ ಕೂಡಿಸಿದ್ದೆ. ಬಿಚ್ಚುವಾಗ ನಾನು ನೋಡ್ದೆ. ಅದಲು ಬದಲು ಮಾಡಿದ್ದು ನಾನು.’

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಿಟ್ಟು ಮೆತ್ತಿದ ಐದು ಬೆರಳು ಮರದ ಮೇಲೆ ಮೂಡಿದವು. ನಾನು ಬೈಗುಳಕ್ಕೆ ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ, ಹದಿನೆಂಟು ವರ್ಷದ ಹುಡುಗಿಯ ದನಿಯಲ್ಲಿ ಕೇಳಿದಳು:

‘ಹಾಗಾದ್ರೆ ನನಗೆ ಬರ್ತಿತ್ತಾ ಆಪಾ?’

ನಾನು ಎದ್ದು ಅವಳ ಹತ್ತಿರ ಹೋದೆ. ಮಗು ನೋಡುತ್ತಿತ್ತು, ಅತ್ತೆ ನೋಡುತ್ತಿದ್ದರು. ನೋಡಲಿ ಎಂದೇ, ಕೇಳಲಿ ಎಂದೇ ಹೇಳಿದೆ.

‘ಬರ್ತಿತ್ತು. ನನಗಿಂತ ಚೆನ್ನಾಗಿ ಬರ್ತಿತ್ತು. ಅದಕ್ಕೇ ನನಗೆ ಹೊಟ್ಟೆ ಉರೀತು, ಅದಕ್ಕೇ ಬಿಚ್ಚಿಹಾಕ್ದೆ. ನಜರ್ ಗಿಜರ್ ಏನಲ್ಲ, ನಿನಗೆ ತಾಗಿದ್ದು ನಾನೇ. ಅರ್ಜಿ ಬಂದ ದಿನಾನೂ ಬಾಯಿ ಮುಚ್ಕೊಂಡು ಕೂತಿದ್ದೆ. ತಪ್ಪಾಯ್ತು ಕಣೇ. ದೊಡ್ಡ ತಪ್ಪಾಯ್ತು. ನನ್ನ ಮಾಫ್ ಮಾಡು.’